ಕೊರಿಯನ್ ಕಿವಿಗೆ ಬೀಳುತ್ತೆ, ತಲೆಗೆ ಹೋಗಲ್ಲ: ಹೊಸದಾಗಿ ಕಲಿಯುವವರಿಗೆ ಕೇಳುವ ಅಭ್ಯಾಸ

ಕೊರಿಯನ್ನಿನ ಲಿಪಿ ಹಂಗುಲ್ ಓದಲು ಬರುತ್ತದೆ. ಒಂದಿಷ್ಟು ಪದಗಳೂ ಗೊತ್ತು. ಪುಸ್ತಕದ ಸಂಭಾಷಣೆ ಓದಿದರೆ ಅರ್ಥವಾಗುತ್ತದೆ. ಅದೇ ಸಂಭಾಷಣೆಯ ಆಡಿಯೊ ಹಾಕಿದರೆ ಮಾತ್ರ ಎಲ್ಲಾ ಒಂದೇ ಉಸಿರಲ್ಲಿ ಹರಿದು ಹೋಗುತ್ತದೆ. ಕೊನೆಯ 'ಯೋ' ಬಿಟ್ಟು ಏನೂ ಸಿಗುವುದಿಲ್ಲ. ಕೊರಿಯನ್ ಶುರು ಮಾಡಿದ ಬಹುತೇಕರ ಪಾಡು ಇದೇ. ಆಗ ಸಿಗುವ ಸಲಹೆಯೂ ಒಂದೇ: "ಕೊರಿಯನ್ ಡ್ರಾಮಾ ಜಾಸ್ತಿ ನೋಡಿ, ತಾನಾಗೇ ಬರುತ್ತೆ."

ಅಷ್ಟು ಸುಲಭಕ್ಕೆ ಬರುವುದಿಲ್ಲ. ಸಬ್‌ಟೈಟಲ್ ಹಾಕಿಕೊಂಡು ನೋಡುವಾಗ ಕೆಲಸ ಮಾಡುವುದು ಕಣ್ಣು. ಕಿವಿ ರಜೆ ಹಾಕಿರುತ್ತದೆ. ಮೊದಲ ಕೆಲವು ತಿಂಗಳು ಗಂಟೆಗಟ್ಟಲೆ ಕೇಳುವ ಅಗತ್ಯವೇ ಇಲ್ಲ. ಅರ್ಧ ನಿಮಿಷದ ತುಣುಕನ್ನು ಹತ್ತಾರು ಸಲ ಕೇಳಿ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಸ್ಕ್ರಿಪ್ಟ್ (ಆಡಿಯೊದಲ್ಲಿರುವ ಮಾತಿನ ಬರಹ) ಜೊತೆ ಇಟ್ಟು ನೋಡಬೇಕು. ದಿನಕ್ಕೆ 20 ನಿಮಿಷ ಸಾಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲೇ ಒಂದು ಮಾತು. ಇಲ್ಲಿ ಕೊರಿಯನ್ ಪದಗಳನ್ನು ಕನ್ನಡ ಅಕ್ಷರದಲ್ಲೇ, ಕಿವಿಗೆ ಬೀಳುವ ಹಾಗೆ ಬರೆದಿದ್ದೇನೆ. ಕೊರಿಯನ್ನಿನಲ್ಲಿ ಅ ಮತ್ತು ಒ ನಡುವಿನ ಒಂದು ಸ್ವರ ಇದೆ, ಅದಕ್ಕೆ ಗಿಡ್ಡ 'ಒ' ಹಾಕಿದ್ದೇನೆ. ತುಟಿ ದುಂಡಗಾಗುವ ಸ್ವರಕ್ಕೆ ಉದ್ದ 'ಓ'. ಹಾಗೆಯೇ ತುಟಿ ಅಗಲಿಸಿ ಹೇಳುವ ಸ್ವರಕ್ಕೆ 'ಉ', ದುಂಡಗೆ ಮಾಡಿ ಹೇಳುವುದಕ್ಕೆ 'ಊ'. ಇದು ಓದುವ ಅನುಕೂಲಕ್ಕೆ ಮಾತ್ರ. ನೀವು ಅಭ್ಯಾಸ ಮಾಡುವಾಗ ಹಂಗುಲ್‌ನಲ್ಲೇ ಬರೆದುಕೊಳ್ಳಿ. ಮೂಲ ಅಕ್ಷರ 24 ಮಾತ್ರ, 14 ವ್ಯಂಜನ, 10 ಸ್ವರ. ಅದನ್ನೂ ಕಲಿಯದೆ ಇಂಗ್ಲಿಷ್ ಅಕ್ಷರದ ಮೇಲೆ ನಿಂತರೆ ಮುಂದೆ ಹೇಳುವ ಯಾವ ಕೆಲಸವೂ ಸರಿಯಾಗಿ ಆಗುವುದಿಲ್ಲ.

ಹಂತ 1: ಕಿವಿಯನ್ನು ಶ್ರುತಿ ಮಾಡಿಕೊಳ್ಳಿ

ಬುಸಾನ್ ಊರಿನ ಹೆಸರನ್ನು ಹಳೆಯ ನಕ್ಷೆಗಳಲ್ಲಿ ನೋಡಿ, ಪುಸಾನ್ ಅಂತ ಇರುತ್ತದೆ. 2000ದಲ್ಲಿ ಕೊರಿಯಾ ಸರ್ಕಾರ ರೋಮನ್ ಅಕ್ಷರದಲ್ಲಿ ಬರೆಯುವ ನಿಯಮ ಬದಲಿಸಿದಾಗ ಅದು ಬುಸಾನ್ ಆಯಿತು. ಊರಿನವರ ಉಚ್ಚಾರವೇನೂ ಬದಲಾಗಲಿಲ್ಲ. ಆ ಅಕ್ಷರ ಪ ಮತ್ತು ಬ ಎರಡರ ನಡುವೆ ಎಲ್ಲೋ ಇದೆ. ನಾವು ಗಂಗ್ನಮ್ ಅಂತ ಬರೆಯುತ್ತೇವೆ, ಕೊರಿಯನ್ನರ ಬಾಯಲ್ಲಿ ಕೇಳಿದರೆ ಕಾಂಗ್ನಾಮ್ ಅನಿಸುತ್ತದೆ.

ನಮಗೆ ಕ ಬೇರೆ, ಗ ಬೇರೆ. ಕೊರಿಯನ್ನಿನಲ್ಲಿ ಒಂದೇ ಅಕ್ಷರ ಪದದ ಶುರುವಿನಲ್ಲಿ ಕ ಥರ, ಎರಡು ಸ್ವರಗಳ ನಡುವೆ ಗ ಥರ ಕೇಳಿಸುತ್ತದೆ. ಮಾಂಸಕ್ಕೆ 'ಕೋಗಿ' ಅನ್ನುತ್ತಾರೆ. ಎರಡೂ ಕಡೆ ಬರೆಯುವುದು ಒಂದೇ ವ್ಯಂಜನ. ಇದು ನಮಗೆ ಪೂರ್ತಿ ಹೊಸದೂ ಅಲ್ಲ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ ಅಂತ ಶಾಲೆಯಲ್ಲಿ ಆದೇಶ ಸಂಧಿ ಓದಿದ್ದೇವಲ್ವಾ? ಕ, ತ, ಪ ಹೋಗಿ ಗ, ದ, ಬ ಬರುವುದು. ಅವರಲ್ಲಿ ಅದು ದಿನನಿತ್ಯದ ಮಾತಿನಲ್ಲಿ ತಾನಾಗಿ ನಡೆಯುತ್ತದೆ.

ನಿಜವಾದ ತೊಂದರೆ ಮೂರರ ಗುಂಪಿನಲ್ಲಿದೆ. ತಾಲ್ ಅಂದರೆ ಚಂದ್ರ. ಥಾಲ್ ಅಂದರೆ ಮುಖವಾಡ. ತ್ತಾಲ್ ಅಂದರೆ ಮಗಳು. ಮೊದಲನೆಯದು ಸಡಿಲ, ಎರಡನೆಯದರಲ್ಲಿ ಉಸಿರು ಜಾಸ್ತಿ, ಮೂರನೆಯದು ಗಂಟಲು ಬಿಗಿಹಿಡಿದು ಹೇಳುವುದು. ನಮ್ಮ ವರ್ಣಮಾಲೆಯಲ್ಲಿ ಮಹಾಪ್ರಾಣ ಇದೆ, ಹಾಗಾಗಿ ಸುಲಭ ಅಂತ ಅನಿಸಬಹುದು. ಆದರೆ ಕಥೆಯನ್ನು ಕತೆ ಅಂತಲೇ ಹೇಳುವ ನಮ್ಮ ಕಿವಿಗೆ ಮಹಾಪ್ರಾಣ ಇರುವುದು ಹೆಚ್ಚಾಗಿ ಕಾಗದದ ಮೇಲೆ. ಅದರ ಮೇಲೆ, ಸಡಿಲ ವ್ಯಂಜನದಲ್ಲೂ ಪದದ ಶುರುವಿನಲ್ಲಿ ಸ್ವಲ್ಪ ಉಸಿರು ಇದ್ದೇ ಇರುತ್ತದೆ. ಹಾಗಾಗಿ ಮೊದಲ ಎರಡು ಒಂದೇ ಥರ ಕೇಳಿಸುತ್ತವೆ.

ಇದಕ್ಕೊಂದು ಉಪಾಯ ಇದೆ. ಉಸಿರನ್ನು ಹುಡುಕಬೇಡಿ, ದನಿಯ ಏರಿಳಿತ ಹಿಡಿಯಿರಿ. ರಾಜಧಾನಿ ಸೋಲ್ ನಗರದ ಮಾತಿನಲ್ಲಿ, ಅದರಲ್ಲೂ ಈಗಿನ ತಲೆಮಾರಿನವರ ಮಾತಿನಲ್ಲಿ, ಸಡಿಲ ವ್ಯಂಜನದಿಂದ ಶುರುವಾಗುವ ಪದ ಕೆಳದನಿಯಲ್ಲಿ ಶುರುವಾಗುತ್ತದೆ. ಉಸಿರಿನದೂ ಬಿಗಿಯದೂ ಮೇಲಿನ ದನಿಯಲ್ಲಿ ಶುರುವಾಗುತ್ತವೆ. ನೇವರ್ ಎಂಬ ಆನ್‌ಲೈನ್ ನಿಘಂಟಿನಲ್ಲಿ ಈ ಮೂರೂ ಪದ ಹುಡುಕಿ, ಸ್ಪೀಕರ್ ಗುರುತು ಒತ್ತಿ, ಒಂದರ ಹಿಂದೆ ಒಂದು ಕೇಳಿ. ಕಣ್ಣು ಮುಚ್ಚಿಕೊಂಡು ಮನೆಯವರ ಹತ್ತಿರ ಒತ್ತಿಸಿದರೆ ಇನ್ನೂ ಒಳ್ಳೆಯದು.

ಪದದ ಕೊನೆಯೂ ನಮಗೆ ಕಷ್ಟ. ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕು. ಬಸ್ ಬಂದರೂ ಬಸ್ಸು ಮಾಡುತ್ತೇವೆ. ಕೊರಿಯನ್ನರೂ ಅದನ್ನು 'ಪೊಸು' ಅನ್ನುತ್ತಾರೆ, ಅಷ್ಟರ ಮಟ್ಟಿಗೆ ನಾವೂ ಅವರೂ ಒಂದೇ. ಆದರೆ ಅವರ ಸ್ವಂತ ಪದಗಳು ಕ್, ತ್, ಪ್‌ನಲ್ಲಿ ಮುಗಿದಾಗ ಬಾಯಿ ಮುಚ್ಚಿ ಅಲ್ಲೇ ನಿಂತುಬಿಡುತ್ತದೆ, ಬಿಡುಗಡೆಯೇ ಆಗುವುದಿಲ್ಲ. 'ಪಾಪ್' (ಅನ್ನ, ಊಟ) ಅಂದಾಗ ಕೊನೆಯ ಪ್ ಕೇಳಿಸುವುದಿಲ್ಲ, ತುಟಿ ಮುಚ್ಚಿದ್ದರಿಂದ ಸ್ವರ ತಟ್ಟನೆ ಕತ್ತರಿಸಿದ್ದು ಮಾತ್ರ ಕೇಳಿಸುತ್ತದೆ. ಆ ಕತ್ತರಿಸುವಿಕೆಯನ್ನೇ ಗುರುತಿಸಬೇಕು.

ಎ ಥರದ ಎರಡು ಸ್ವರಾಕ್ಷರ ಇವೆ. ಅವುಗಳ ವ್ಯತ್ಯಾಸ ಹುಡುಕುತ್ತಾ ಕೂರಬೇಡಿ. ಈಗ ಬಹುತೇಕ ಕೊರಿಯನ್ನರು ಎರಡನ್ನೂ ಒಂದೇ ಥರ ಹೇಳುತ್ತಾರೆ.

ಹಂತ 2: ಸರಿಯಾದ ಆಡಿಯೊ ಆರಿಸಿ

ಮೂರು ಷರತ್ತು. ಒಂದು ನಿಮಿಷಕ್ಕಿಂತ ಉದ್ದ ಬೇಡ. ಹಂಗುಲ್ ಸ್ಕ್ರಿಪ್ಟ್ ಇರಲೇಬೇಕು. ಸ್ಕ್ರಿಪ್ಟ್ ಓದಿದರೆ ಹತ್ತರಲ್ಲಿ ಏಳೆಂಟು ಪದ ಮೊದಲೇ ಗೊತ್ತಿರಬೇಕು. ಮೂರನೆಯದನ್ನೇ ಜನ ಮರೆಯುವುದು. ಗೊತ್ತಿಲ್ಲದ ಪದ ಎಷ್ಟು ಸಲ ಕೇಳಿದರೂ ಗೊತ್ತಿಲ್ಲದ ಪದವೇ.

ನಿಮ್ಮ ಹತ್ತಿರ ಇರುವ ಆರಂಭಿಕ ಪಠ್ಯಪುಸ್ತಕದ ಆಡಿಯೊ ಎಲ್ಲಕ್ಕಿಂತ ಒಳ್ಳೆಯದು. ಬೋರ್ ಅನಿಸಿದರೂ ಅದೇ. ಕಿಂಗ್ ಸೆಜಾಂಗ್ ಸಂಸ್ಥೆಯ ಆನ್‌ಲೈನ್ ಪಾಠಗಳಲ್ಲಿ, ಕೆಬಿಎಸ್ ವರ್ಲ್ಡ್ ರೇಡಿಯೊದ ಕೊರಿಯನ್ ಕಲಿಕೆ ವಿಭಾಗದಲ್ಲಿ ಚಿಕ್ಕ ಸಂಭಾಷಣೆಗಳು ಸಿಗುತ್ತವೆ. ಟಾಕ್ ಟು ಮಿ ಇನ್ ಕೊರಿಯನ್ ತಂಡದ ಆರಂಭಿಕ ಪಾಠಗಳು ವ್ಯಾಕರಣಕ್ಕೆ ಬಹಳ ಚೆನ್ನಾಗಿವೆ, ಆದರೆ ಅವು ವಿವರಿಸುವುದು ಇಂಗ್ಲಿಷಿನಲ್ಲಿ. ಹದಿನೈದು ನಿಮಿಷ ಕೇಳಿದೆ ಅಂತ ಲೆಕ್ಕ ಹಾಕಬೇಡಿ, ಅದರಲ್ಲಿ ಕೊರಿಯನ್ ಎಷ್ಟಿತ್ತು ಅಂತ ನೋಡಿ.

ಮಕ್ಕಳ ಕಾರ್ಟೂನ್ ಸುಲಭ ಅಂತ ಹಲವರು ಹೇಳುತ್ತಾರೆ. 2003ರಿಂದ ಬರುತ್ತಿರುವ ಪೊರೊರೊ ಎಂಬ ಪುಟಾಣಿ ಪೆಂಗ್ವಿನ್ ಕೊರಿಯಾದ ಮಕ್ಕಳಿಗೆಲ್ಲ ಗೊತ್ತು. ಆದರೆ ಕೀರಲು ದನಿ, ಹಿಂದೆ ಸಂಗೀತ, ಗೆಳೆಯರ ನಡುವಿನ ಏಕವಚನದ ಮಾತು. ನಿಮ್ಮ ಪುಸ್ತಕದಲ್ಲಿ ಕಲಿತ ಮರ್ಯಾದೆಯ 'ಯೋ' ರೂಪ ಅಲ್ಲಿ ಅಷ್ಟಾಗಿ ಸಿಗುವುದಿಲ್ಲ. ಮಕ್ಕಳಿಗೆ ಸುಲಭವಾದದ್ದು ನಮಗೂ ಸುಲಭ ಅಂತೇನಿಲ್ಲ.

ನನ್ನ ಮೆಚ್ಚಿನ ಆರಂಭಿಕ ಆಡಿಯೊ ಸೋಲ್ ಮೆಟ್ರೋದ ಪ್ರಕಟಣೆ. ಯೂಟ್ಯೂಬ್‌ನಲ್ಲಿ ರಾಶಿ ಇವೆ.

ಇಬೊನ್ ಯೊಗುನ್ ಕಾಂಗ್ನಾಮ್, ಕಾಂಗ್ನಾಮ್‌ನ್ಯೊಗಿಮ್ನಿದಾ. ನೇರಿಶಿಲ್ ಮೂನುನ್ ಓರುನ್‌ಚ್ಚೋಗಿಮ್ನಿದಾ.

ಈ ನಿಲ್ದಾಣ ಕಾಂಗ್ನಾಮ್, ಕಾಂಗ್ನಾಮ್ ನಿಲ್ದಾಣ. ಇಳಿಯುವ ಬಾಗಿಲು ಬಲಗಡೆ. ನಮ್ಮ ಮೆಟ್ರೋದಲ್ಲಿ ದಿನಾ ಕೇಳುವ ಮಾತೇ. ಪ್ರತಿ ನಿಲ್ದಾಣಕ್ಕೂ ಚೌಕಟ್ಟು ಒಂದೇ, ಊರಿನ ಹೆಸರು ಬದಲಾಗುತ್ತದೆ, ಬಲ ಹೋಗಿ ಎಡ (ವೆನ್‌ಚ್ಚೋಕ್) ಬರುತ್ತದೆ. ಎಡವೋ ಬಲವೋ ಅಂತ ಹಿಡಿಯುವುದೇ ಮೊದಲ ದಿನದ ಪರೀಕ್ಷೆ. ಇನ್ನೊಂದು ಗಮನಿಸಿ: ನಿಲ್ದಾಣಕ್ಕೆ ಪದ 'ಯೊಕ್', ಬರೆಯುವುದೂ ಹಾಗೇ. ಕೇಳಿಸುವುದು ಮಾತ್ರ ಕಾಂಗ್ನಾಮ್‌'ನ್ಯೊಕ್'. ನಡುವೆ ಬರಹದಲ್ಲಿಲ್ಲದ ಒಂದು ನ್ ನುಸುಳಿಕೊಂಡಿದೆ. ಬರಹ ಒಂದು, ದನಿ ಇನ್ನೊಂದು ಅನ್ನುವ ವಿಷಯಕ್ಕೆ ಈಗ ಬರೋಣ.

ಹಂತ 3: ಅಕ್ಷರ ಬೆರೆಯುವುದನ್ನು ಕಿವಿಯಿಂದ ಕಲಿಯಿರಿ

"ಪದ ಗೊತ್ತಿತ್ತು, ಆದರೂ ಸಿಗಲಿಲ್ಲ" ಅನ್ನುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. 'ಊಟ ಮಾಡಿದ್ರಾ?' ಅಂತ ಕೇಳಲು 'ಪಾಪ್' ಮತ್ತು 'ಮೊಗೊಸ್ಸೊಯೋ' ಸೇರಿಸುತ್ತಾರೆ. ಕೇಳಿಸುವುದು 'ಪಾಮ್ ಮೊಗೊಸ್ಸೊಯೋ?' ಪ್ ಎಲ್ಲಿ ಹೋಯಿತು? ಮುಂದೆ ಮ್ ಬಂದದ್ದರಿಂದ ಅದೂ ಮ್ ಆಯಿತು.

ವಾಕ್ + ಮಯ = ವಾಙ್ಮಯ. ಷಟ್ + ಮುಖ = ಷಣ್ಮುಖ. ಸತ್ + ಮಾನ = ಸನ್ಮಾನ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಅನುನಾಸಿಕ ಸಂಧಿ. ಕೊರಿಯನ್ನಿನಲ್ಲೂ ಹೀಗೇ: ಕ್ ಇದ್ದದ್ದು ಙ್, ತ್ ಇದ್ದದ್ದು ನ್, ಪ್ ಇದ್ದದ್ದು ಮ್. ಕೊರಿಯನ್ ಭಾಷೆಗೆ 'ಹಾನ್‌ಗೂಕ್' (ಕೊರಿಯಾ) ಮತ್ತು 'ಮಾಲ್' (ಮಾತು) ಸೇರಿಸಿದರೆ 'ಹಾನ್‌ಗೂಙ್‌ಮಾಲ್'. ಎಲ್ಲರಿಗೂ ಗೊತ್ತಿರುವ 'ಕಾಮ್ಸಾಹಾಮ್ನಿದಾ'ದಲ್ಲಿ 'ಹಾಮ್' ಅಂತ ಕೇಳಿಸುವುದನ್ನು ಬರೆಯುವುದು 'ಹಾಪ್' ಅಂತ. ಎರಡು ಭಾಷೆಗೂ ನೆಂಟಸ್ತಿಕೆ ಇದೆ ಅಂತಲ್ಲ, ಬಾಯಿಗೆ ಯಾವುದು ಸಲೀಸೋ ಅದನ್ನು ಎಲ್ಲ ಭಾಷೆಯವರೂ ಮಾಡುತ್ತಾರೆ. ಆದರೆ ಸಂಧಿ ಓದಿದ ನಮಗೆ ನಿಯಮ ಅರ್ಥ ಮಾಡಿಕೊಳ್ಳಲು ಐದು ನಿಮಿಷ ಸಾಕು. ಬೇರೆಯವರಿಗೆ ಇದೊಂದು ದೊಡ್ಡ ಅಧ್ಯಾಯ.

ಉಳಿದವು ಹೀಗಿವೆ. ವ್ಯಂಜನದಲ್ಲಿ ಮುಗಿದ ಅಕ್ಷರದ ಮುಂದೆ ಸ್ವರ ಬಂದರೆ ವ್ಯಂಜನ ಅದಕ್ಕೆ ಜಿಗಿಯುತ್ತದೆ. ಸಂಗೀತಕ್ಕೆ 'ಉಮ್' ಮತ್ತು 'ಆಕ್' ಅಂತ ಬರೆದು 'ಉಮಾಕ್' ಅನ್ನುತ್ತಾರೆ. ಹ್ ಪಕ್ಕದಲ್ಲಿದ್ದರೆ ಕ್, ತ್ ಮಹಾಪ್ರಾಣವಾಗುತ್ತವೆ. ಸ್ವರದ ಮುಂದೆ ಅದೇ ಹ್ ಮಾಯ: 'ಚೋಆಯೋ' (ಚೆನ್ನಾಗಿದೆ, ಇಷ್ಟ) ಬರೆಯುವಾಗ ಹ್ ಇದೆ, ಕೇಳುವಾಗ ಇಲ್ಲ. ನ್ ಮತ್ತು ಲ್ ಸೇರಿದರೆ ಹೆಚ್ಚಾಗಿ ಲ್ಲ: ಸಂಪರ್ಕಕ್ಕೆ 'ಯೊನ್' + 'ಲಾಕ್' = 'ಯೊಲ್ಲಾಕ್'.

ಇವನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಡಿ. ಕೇಳುವಾಗ ಪಟ್ಟಿ ನೆನಪಿಸಿಕೊಳ್ಳಲು ಟೈಮ್ ಇರಲ್ಲ. ಹೊಸ ಪದ ಕಲಿಯುವಾಗಲೇ ನಿಘಂಟಿನ ದನಿ ಕೇಳಿ, ದನಿಯ ಜೊತೆಗೇ ಕಲಿಯಿರಿ.

ಹಂತ 4: ಒಂದು ತುಣುಕನ್ನು ಬಿಚ್ಚಿ ನೋಡುವುದು

ಇದೇ ಮುಖ್ಯ ಕೆಲಸ. ಸೋಲ್‌ನ ಕಾಫಿ ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಒಂದನ್ನು ತಗೊಳ್ಳೋಣ. ಸುಮಾರು 20 ಸೆಕೆಂಡ್.

— ಮ್ವೊ ತುರಿಲ್‌ಕ್ಕಾಯೋ?
— ಆಮೆರಿಖಾನೋ ಹಾನ್ ಜಾನ್ ಜೂಸೆಯೋ.
— ತ್ತಾತ್ತುಥಾನ್ ಗೊಯೋ?
— ಆನಿಯೋ, ಆಇಸುಯೋ.
— ತುಶಿಗೋ ಗಾಸೆಯೋ?
— ನೆ.
— ಸಾಛೊನೋಬೆಗ್ವೊನಿಮ್ನಿದಾ.

ಮೊದಲ ಎರಡು ಸಲ ಸ್ಕ್ರಿಪ್ಟ್ ಮುಚ್ಚಿಟ್ಟು, ನಿಲ್ಲಿಸದೆ ಕೇಳಿ. ಎಲ್ಲಿ ನಡೆಯುತ್ತಿದೆ, ಎಷ್ಟು ಜನ, ಏನು ವಿಷಯ, ಇಷ್ಟು ಸಾಕು. 'ಆಮೆರಿಖಾನೋ', 'ಜೂಸೆಯೋ' (ಕೊಡಿ) ಎರಡು ಸಿಕ್ಕರೆ ಜಾಗ ಗೊತ್ತಾಯಿತು.

ಮೂರನೇ ಸಲ ಒಂದೊಂದು ಮಾತಿಗೂ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ. ಸಿಗದಿದ್ದ ಕಡೆ ಗೆರೆ ಎಳೆಯಿರಿ. ಕಾಗುಣಿತದ ಚಿಂತೆ ಬೇಡ. ಒಂದು ಮಾತಿಗೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಗುದ್ದಾಡಬೇಡಿ. ಅಷ್ಟರಲ್ಲಿ ಸಿಗದ್ದು ಹತ್ತನೇ ಸಲಕ್ಕೂ ಸಿಗುವುದು ಅಪರೂಪ. ಆರಂಭದಲ್ಲಿ ಕಾಗದ ಹೀಗಿರುತ್ತದೆ: ಮೊ — ಕಾಯೋ. ಆಮೆರಿಕಾನೋ — ಜೂಸೆಯೋ. — — ಗೊಯೋ. ಆನಿಯೋ. ತುಶಿ — ಕಾಸೆಯೋ. ನೆ. ಸಾ — ನಿಮ್ನಿದಾ.

ಈಗ ಸ್ಕ್ರಿಪ್ಟ್ ತೆಗೆಯಿರಿ. ಬಿಟ್ಟುಹೋದ ಪ್ರತಿ ಜಾಗಕ್ಕೂ ಕಾರಣ ಬರೆಯಿರಿ. ಕಾರಣ ಮೂರೇ ಇರುತ್ತವೆ.

ಪದವೇ ಗೊತ್ತಿರಲಿಲ್ಲ. ಇಲ್ಲಿ 'ತುಶಿಗೋ'. ತಿನ್ನುವುದಕ್ಕೆ 'ಮೊಕ್ತಾ', ಕುಡಿಯುವುದಕ್ಕೆ 'ಮಾಶಿದಾ' ಕಲಿತಿರುತ್ತೀರಿ. ಗಿರಾಕಿಗೆ ಮರ್ಯಾದೆಯಿಂದ ಕೇಳುವಾಗ ಅವೆರಡೂ ಹೋಗಿ 'ತುಶಿದಾ' ಬರುತ್ತದೆ. ಇದಕ್ಕೆ ಮದ್ದು ಪದ ಕಲಿಯುವುದೇ, ಮತ್ತೆ ಮತ್ತೆ ಕೇಳುವುದಲ್ಲ. ಕಲಿತ ಮೇಲೆ ವಾಕ್ಯ ನೋಡಿ ಖುಷಿಯಾಗುತ್ತದೆ: 'ತುಶಿಗೋ ಗಾಸೆಯೋ?' ಅಂದರೆ 'ಕುಡಿದು ಹೋಗ್ತೀರಾ?' ಪದದ ಜೋಡಣೆಯೂ ಹಾಗೇ ಇದೆ.

ಪದ ಗೊತ್ತಿತ್ತು, ದನಿ ಬದಲಾಗಿತ್ತು. 'ತ್ತಾತ್ತುಥಾನ್' (ಬಿಸಿಯಾದ) ಬರಹದಲ್ಲಿ 'ತ್ತಾತ್ತುತ್' ಮತ್ತು 'ಹಾನ್' ಅಂತ ಎರಡು ಭಾಗ. ತ್ ಮತ್ತು ಹ್ ಸೇರಿ ಥ್ ಆಗಿದೆ. ಆ ಒಂದು ಪದವನ್ನಷ್ಟೇ ಐದಾರು ಸಲ ಕೇಳಿ, ಜೊತೆಗೆ ಬಾಯಿಬಿಟ್ಟು ಹೇಳಿ. ತಾವೇ ಹೇಳದ ದನಿಯನ್ನು ಕಿವಿ ಬೇಗ ಗುರುತಿಸುವುದಿಲ್ಲ.

ಗೊತ್ತಿತ್ತು, ಕೇಳಿಸಿತ್ತು, ಅರ್ಥ ಹೊಳೆಯುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಬೆಲೆ ಹೇಳಿದ್ದು ಹಾಗೆ. ಸಾ (ನಾಲ್ಕು), ಛೊನ್ (ಸಾವಿರ), ಓ (ಐದು), ಬೆಕ್ (ನೂರು), ವೊನ್ (ಕೊರಿಯಾದ ದುಡ್ಡು). 4,500 ವೊನ್. ಬಿಡಿಬಿಡಿಯಾಗಿ ಎಲ್ಲವೂ ಗೊತ್ತು, ಒಟ್ಟಿಗೆ ಬಂದಾಗ ಗೊಂದಲ. ಇದು ವೇಗದ ಸಮಸ್ಯೆ. ಇದೊಂದಕ್ಕೆ ಮಾತ್ರ 'ಇನ್ನೂ ಕೇಳಿ' ಅನ್ನುವುದು ಸರಿಯಾದ ಸಲಹೆ.

ಕಾರಣ ಬರೆದಾದ ಮೇಲೆ ಸ್ಕ್ರಿಪ್ಟ್ ನೋಡುತ್ತಾ ಎರಡು ಸಲ, ನೋಡದೆ ಎರಡು ಸಲ ಕೇಳಿ. ಆಮೇಲೆ ಆಡಿಯೊದ ಹಿಂದೆಯೇ ನೀವೂ ಹೇಳುತ್ತಾ ಹೋಗಿ. ಮಾರನೇ ದಿನ ಹೊಸದಕ್ಕೆ ಹೋಗುವ ಮುಂಚೆ ಇದನ್ನು ಒಮ್ಮೆ ಹಾಕಿ. ನಿಂತು ಯೋಚಿಸದೆ ಪೂರ್ತಿ ಅರ್ಥವಾದರೆ ಮುಗಿಯಿತು.

ಒಂದೇ ಜಾಗ ಮತ್ತೆ ಮತ್ತೆ ಕೇಳಲು ವಿಎಲ್‌ಸಿ ಪ್ಲೇಯರ್‌ನಲ್ಲಿ ಶುರು ಮತ್ತು ಕೊನೆ ಗುರುತು ಹಾಕುವ ಸೌಲಭ್ಯ ಇದೆ. ಯೂಟ್ಯೂಬ್ ಆದರೆ ವೇಗ 0.75ಕ್ಕೆ ಇಳಿಸಬಹುದು. 0.5 ಬೇಡ, ದನಿ ಎಳೆದಾಡಿ ವಿಕಾರವಾಗುತ್ತದೆ. ನಿಧಾನ ಮಾಡಿ ಕೇಳಿದರೂ ಕೊನೆಯ ಸುತ್ತು ಮಾಮೂಲಿ ವೇಗದಲ್ಲೇ ಇರಲಿ.

ಹಂತ 5: ಅಂಕಿಗೆ ಬೇರೆ ಸಮಯ ಕೊಡಿ

ಕೊರಿಯನ್ನಿನಲ್ಲಿ ಎರಡು ಜೊತೆ ಅಂಕಿ ಇವೆ. ಸ್ವಂತದ್ದು ಹಾನಾ, ತೂಲ್, ಸೆತ್, ನೆತ್ ಅಂತ ಹೋಗುತ್ತದೆ. ಚೀನಾ ಮೂಲದ್ದು ಇಲ್, ಇ, ಸಾಮ್, ಸಾ ಅಂತ. ದುಡ್ಡು, ತಾರೀಕು, ಫೋನ್ ನಂಬರಿಗೆ ಚೀನಾ ಮೂಲದ್ದು. ವಸ್ತು ಎಣಿಸಲು, ವಯಸ್ಸು ಹೇಳಲು ಸ್ವಂತದ್ದು. ಗಡಿಯಾರದಲ್ಲಿ ಎರಡೂ: ಗಂಟೆಗೆ ಸ್ವಂತದ್ದು, ನಿಮಿಷಕ್ಕೆ ಚೀನಾದ್ದು. 3:30 ಅಂದರೆ 'ಸೆ ಶಿ ಸಾಮ್‌ಶಿಪ್ಪೂನ್'. ಎರಡೂ ಕಡೆ ಮೂರೇ ಇದೆ, ಒಂದು ಸೆ, ಇನ್ನೊಂದು ಸಾಮ್.

ಕಿವಿಗೆ ಕೈಕೊಡುವ ಜಾಗಗಳು ಇವು. ಸಾಮ್ ಮೂರು, ಸಾ ನಾಲ್ಕು; ವೇಗದಲ್ಲಿ ಮ್ ತಪ್ಪಿದರೆ ಸಾವಿರ ವೊನ್ ವ್ಯತ್ಯಾಸ. ಇಲ್ ಒಂದು, ಛಿಲ್ ಏಳು. 16ಕ್ಕೆ ಶಿಪ್ ಮತ್ತು ಯೂಕ್ ಸೇರಿ 'ಶಿಮ್ನ್ಯೂಕ್'. ಜೂನ್ ತಿಂಗಳು ಯೂಕ್‌ವೊಲ್ ಆಗಬೇಕಿತ್ತು, 'ಯೂವೊಲ್' ಅನ್ನುತ್ತಾರೆ. ಅಕ್ಟೋಬರ್ 'ಶಿವೊಲ್'.

ದೊಡ್ಡ ಮೊತ್ತದಲ್ಲಿ ನಮಗೆ ಇನ್ನೊಂದು ತಲೆನೋವು. ನಾವು ಸಾವಿರ, ಲಕ್ಷ, ಕೋಟಿ ಅಂತ ಎಣಿಸುತ್ತೇವೆ. ಅವರು 10,000ಕ್ಕೆ 'ಮಾನ್' ಅಂತ ನಿಲ್ಲುತ್ತಾರೆ. 35,000 ವೊನ್ ಅಂದರೆ ಮೂರು ಮಾನ್, ಐದು ಸಾವಿರ: 'ಸಾಮ್ಮಾನ್ ಓಛೊನ್ವೊನ್'. ನಮ್ಮ ಲಕ್ಷ ಅವರಿಗೆ ಹತ್ತು ಮಾನ್, 'ಶಿಮ್ಮಾನ್'. ಹತ್ತು ಲಕ್ಷ ನೂರು ಮಾನ್, ಒಂದು ಕೋಟಿ ಸಾವಿರ ಮಾನ್. ಕೇಳಿದ ತಕ್ಷಣ ರೂಪಾಯಿಗೆ ತಿರುಗಿಸಲು ಹೋಗಬೇಡಿ, ಮೊದಲು ಅಂಕಿ ಬರೆಯಿರಿ. ದಿನಕ್ಕೆ ಐದು ಬೆಲೆ, ಐದು ಸಮಯ ಕೇಳಿ ಅಂಕಿಯಲ್ಲಿ ಬರೆಯುವುದು ಸಾಕು. ಗೂಗಲ್ ಟ್ರಾನ್ಸ್‌ಲೇಟ್ ಅಥವಾ ಅದೇ ಥರದ ಪಾಪಾಗೋದಲ್ಲಿ ಅಂಕಿ ಟೈಪ್ ಮಾಡಿ ಓದಿಸಬಹುದು. ವಾಕ್ಯ ಕೇಳಲು ಯಂತ್ರದ ದನಿ ನನಗೆ ಅಷ್ಟು ಹಿಡಿಸುವುದಿಲ್ಲ, ಅಂಕಿಗೆ ಅಡ್ಡಿಯಿಲ್ಲ.

ಹಂತ 6: ವಾಕ್ಯದ ಬಾಲ ಹಿಡಿಯಿರಿ

ಕೊರಿಯನ್ನಿನಲ್ಲೂ ಕ್ರಿಯಾಪದ ಕೊನೆಗೆ. ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ. ಇಂಗ್ಲಿಷಿನವರಿಗೆ ಕೊನೆವರೆಗೂ ಕಾಯುವುದೇ ಕಷ್ಟ, ನಮಗೆ ಅದು ಹುಟ್ಟಿನಿಂದ ಬಂದದ್ದು. ಮಾತಿನಲ್ಲಿ ಅವರು ಪ್ರತ್ಯಯ ಬಿಡುವುದೂ ಉಂಟು, ನಾವು 'ಕಾಫಿ ಕುಡಿದೆ' ಅನ್ನುವ ಹಾಗೆ. ಅದಕ್ಕೂ ಗಾಬರಿಯಾಗಬೇಕಿಲ್ಲ.

ಆದರೆ ಪ್ರಶ್ನೆಯಲ್ಲಿ ನಮಗೆ ಒಂದು ಗುಂಡಿ ಕಾದಿದೆ. ಕನ್ನಡದಲ್ಲಿ ಹೌದು-ಇಲ್ಲ ಅನ್ನುವಂಥ ಪ್ರಶ್ನೆ ಅಂದರೆ ಕೊನೆಗೆ ಒಂದು ಆ ಬರುತ್ತದೆ: ಆಯ್ತು, ಆಯ್ತಾ? ಕಿವಿ ಆ ಗುರುತನ್ನೇ ಕಾಯುತ್ತದೆ. ಕೊರಿಯನ್ನಿನ 'ಯೋ' ರೂಪದಲ್ಲಿ ಅದಿಲ್ಲ. 'ಪಾಮ್ ಮೊಗೊಸ್ಸೊಯೋ' ಅಂದರೆ ಊಟ ಮಾಡಿದೆ ಅಂತಲೂ ಹೌದು, ಊಟ ಆಯ್ತಾ ಅಂತಲೂ ಹೌದು. ಕೊನೆಯ ಯೋ ಮೇಲೆ ಹೋದರೆ ಪ್ರಶ್ನೆ, ಕೆಳಗೆ ಇಳಿದರೆ ಉತ್ತರ. ನಮ್ಮ ಹಾಗೆಯೇ ಅವರೂ ಇದನ್ನು ಸುಮ್ನೆ ಯೋಗಕ್ಷೇಮಕ್ಕೂ ಕೇಳುತ್ತಾರೆ, ಹಾಗಾಗಿ ಎಲ್ಲಾ ಕಡೆ ಸಿಗುತ್ತದೆ. ಪ್ರಶ್ನೆಯನ್ನೂ ಉತ್ತರವನ್ನೂ ಬೇರೆಬೇರೆ ಕೇಳಿ, ದನಿ ಏರುವ ಜಾಗ ಗುರುತು ಮಾಡಿಕೊಳ್ಳಿ.

ಬಾಲದಲ್ಲೇ ಮರ್ಯಾದೆಯ ಮಟ್ಟವೂ ಇರುತ್ತದೆ. ಪ್ರಕಟಣೆ, ವಾರ್ತೆ, ಮೀಟಿಂಗ್‌ನಲ್ಲಿ 'ಮ್ನಿದಾ'. ಅಂಗಡಿ, ಪರಿಚಯಸ್ಥರ ಜೊತೆ 'ಯೋ'. ಗೆಳೆಯರಲ್ಲಿ ಯೋ ಕೂಡ ಇಲ್ಲ. ಬೆಂಗಳೂರಿನ ಕೊರಿಯನ್ ಕಂಪನಿಗಳಲ್ಲೋ ಪೆನುಕೊಂಡದ ಕಿಯಾ ಕಾರು ಕಾರ್ಖಾನೆಯ ಕಡೆಯೋ ಕೆಲಸದ ಸಲುವಾಗಿ ಕಲಿಯುತ್ತಿದ್ದರೆ 'ಮ್ನಿದಾ' ರೂಪವನ್ನು ಜಾಸ್ತಿ ಕೇಳಿ. ಡ್ರಾಮಾದಿಂದ ಕಲಿತ ಗೆಳೆಯರ ಮಾತು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಎಡವಟ್ಟು ಬೇಕಾದರೆ ಮಾಡುತ್ತದೆ.

ಹಂತ 7: ಡ್ರಾಮಾ ಹಾಗಾದರೆ ಬೇಡವಾ?

ನೋಡಿ, ಸಂತೋಷಕ್ಕೆ ನೋಡಿ. ಅಭ್ಯಾಸ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಲೆಕ್ಕಕ್ಕೆ ಬರಬೇಕಾದರೆ ಒಂದು ನಿಮಿಷದ ದೃಶ್ಯ ಆರಿಸಿ. ಮೊದಲೇ ನೋಡಿದ, ಕಥೆ ಗೊತ್ತಿರುವ, ಇಬ್ಬರೇ ಮಾತಾಡುವ ದೃಶ್ಯ. ಸಬ್‌ಟೈಟಲ್ ಕೊರಿಯನ್‌ಗೆ ಬದಲಿಸಿ, ಹಂತ 4ರ ಕೆಲಸ ಮಾಡಿ. ರಾಜಮನೆತನದ ಕಥೆಗಳನ್ನು ಈಗ ಮುಟ್ಟಬೇಡಿ, ಆ ಭಾಷೆಯಲ್ಲಿ ಇವತ್ತು ಯಾರೂ ಮಾತಾಡುವುದಿಲ್ಲ. ಬುಸಾನ್ ಕಡೆಯ ಪಾತ್ರ ಬಂದರೆ ರಾಗವೇ ಬೇರೆ ಅನಿಸುತ್ತದೆ, ಅದು ನಿಮ್ಮ ಕಿವಿಯ ದೋಷವಲ್ಲ.

ಡ್ರಾಮಾಗಿಂತ ಕೊರಿಯಾದ ಮನರಂಜನೆಯ ಶೋಗಳು ಕಲಿಯುವವರಿಗೆ ಉಪಕಾರಿ. ಅವರು ಹೇಳಿದ ಮಾತಿನ ಮುಖ್ಯ ಪದಗಳನ್ನು ಬಣ್ಣಬಣ್ಣದ ಅಕ್ಷರದಲ್ಲಿ ಪರದೆಯ ಮೇಲೇ ಹಾಕುತ್ತಾರೆ. ಕೇಳಿದ್ದನ್ನು ಅಲ್ಲೇ ತಾಳೆ ನೋಡಬಹುದು. ಹಾಡು ಮಾತ್ರ ಕೇಳುವ ಅಭ್ಯಾಸಕ್ಕೆ ಅಷ್ಟಕ್ಕಷ್ಟೇ. ರಾಗಕ್ಕೆ ತಕ್ಕಂತೆ ಸ್ವರ ಎಳೆಯುತ್ತಾರೆ, ಮಾತಿನ ಲಯ ಸಿಗುವುದಿಲ್ಲ.

ಅಡುಗೆ ಮಾಡುವಾಗ, ಬಸ್ಸಿನಲ್ಲಿ ಏನು ಕೇಳುವುದು? ಹೊಸದು ಬೇಡ. ಈಗಾಗಲೇ ಬಿಚ್ಚಿ ನೋಡಿದ ಹಳೆಯ ತುಣುಕುಗಳನ್ನೇ ಒಂದು ಪಟ್ಟಿ ಮಾಡಿ ಓಡಿಸಿ. ಗಮನ ಅರ್ಧ ಇದ್ದರೂ ಅರ್ಥವಾಗುತ್ತಿದೆಯಾ ಅನ್ನುವುದೇ ಅಲ್ಲಿನ ಪರೀಕ್ಷೆ.

ಹಂತ 8: ಎಷ್ಟು ಬಂತು ಅಂತ ನೋಡಿಕೊಳ್ಳಿ

ಕೊರಿಯನ್ ಭಾಷಾ ಪರೀಕ್ಷೆ ಟೋಪಿಕ್‌ನ ಹಳೆಯ ಕೆಲವು ಪ್ರಶ್ನೆಪತ್ರಿಕೆಗಳು ಆಡಿಯೊ ಸಮೇತ ಅದರ ಅಧಿಕೃತ ಜಾಲತಾಣದಲ್ಲಿ ಸಿಗುತ್ತವೆ. ಪರೀಕ್ಷೆ ಬರೆಯುವ ಯೋಚನೆ ಇಲ್ಲದಿದ್ದರೂ ಇದು ಒಳ್ಳೆಯ ಅಳತೆಗೋಲು. ಆರಂಭಿಕರದ್ದು ಟೋಪಿಕ್ 1. ಕೇಳುವ ಭಾಗದಲ್ಲಿ 30 ಪ್ರಶ್ನೆ, 40 ನಿಮಿಷ. ಓದುವ ಭಾಗದಲ್ಲಿ 40 ಪ್ರಶ್ನೆ, 60 ನಿಮಿಷ. ಒಟ್ಟು 200 ಅಂಕ. 80 ಬಂದರೆ ಮೊದಲ ದರ್ಜೆ, 140 ಬಂದರೆ ಎರಡನೆಯದು.

ಮೊದಲ ನಾಲ್ಕು ಪ್ರಶ್ನೆಗಳಲ್ಲಿ ಒಬ್ಬರು ಏನೋ ಕೇಳುತ್ತಾರೆ, ಸರಿಯಾದ ಉತ್ತರ ಆರಿಸಬೇಕು. ಮುಂದೆ ಮಾತು ಎಲ್ಲಿ ನಡೆಯುತ್ತಿದೆ, ಯಾವುದರ ಬಗ್ಗೆ ಅಂತ ಬರುತ್ತದೆ. ಆಮೇಲೆ ಚಿತ್ರ, ಕೊನೆಗೆ ಉದ್ದದ ಸಂಭಾಷಣೆಗಳು. ಶುರುವಿನ 10 ಪ್ರಶ್ನೆಗಳನ್ನು ಮಾತ್ರ ತಿಂಗಳಿಗೊಮ್ಮೆ ಮಾಡಿ. ಪೂರ್ತಿ ಪತ್ರಿಕೆಗೆ ಕೈ ಹಾಕಿದರೆ ಮಧ್ಯದಿಂದ ಬರೀ ಊಹೆ ಶುರುವಾಗುತ್ತದೆ, ಒಳ್ಳೆಯ ಪತ್ರಿಕೆಯೊಂದು ಸುಮ್ನೆ ಹಾಳಾಗುತ್ತದೆ. ತಪ್ಪಾದ ಪ್ರಶ್ನೆಯ ಸ್ಕ್ರಿಪ್ಟ್ ತೆಗೆದು ಹಂತ 4ರ ಮೂರು ಕಾರಣಗಳಲ್ಲಿ ಯಾವುದು ಅಂತ ಬರೆಯಿರಿ. ಪದದ ಕಾರಣವೇ ಜಾಸ್ತಿ ಇದ್ದರೆ ಮುಂದಿನ ತಿಂಗಳು ಕೇಳುವುದು ಕಡಿಮೆ ಮಾಡಿ, ಪದ ಜಾಸ್ತಿ ಕಲಿಯಿರಿ. ವೇಗದ ಕಾರಣವೇ ಇದ್ದರೆ ಹಳೆಯ ತುಣುಕುಗಳನ್ನು ಮತ್ತೆ ಓಡಿಸಿ.

ಆಡಿಯೊ ಬಿಟ್ಟು ಜೀವಂತ ಮನುಷ್ಯರ ಜೊತೆ ಮಾತಾಡುವ ಅವಕಾಶ ಸಿಕ್ಕರೆ, ಆನ್‌ಲೈನ್ ಗೆಳೆಯರೋ ಆಫೀಸಿನವರೋ, ಎರಡು ವಾಕ್ಯ ಬಾಯಿಗೆ ಬರುವಂತೆ ಇಟ್ಟುಕೊಳ್ಳಿ. 'ತಾಶಿ ಹಾನ್ ಬೊನ್ ಮಾರೇ ಜೂಸೆಯೋ', ಇನ್ನೊಂದು ಸಲ ಹೇಳಿ. 'ಛೊನ್‌ಛೊನಿ ಮಾರೇ ಜೂಸೆಯೋ', ನಿಧಾನವಾಗಿ ಹೇಳಿ. ಅರ್ಥವಾಗದೆ ನಕ್ಕು ತಲೆಯಾಡಿಸಿದರೆ ಅವರು ಅರ್ಥವಾಯಿತು ಅಂದುಕೊಂಡು ಇನ್ನೂ ಜೋರಾಗಿ ಓಡುತ್ತಾರೆ. ಎರಡನೇ ಸಲ ಹೇಳಿದಾಗಲೂ ಸಿಗದಿದ್ದರೆ, ಕೇಳಿಸಿದ ಕೊನೆಯ ಪದವನ್ನೇ ಏರುದನಿಯಲ್ಲಿ ತಿರುಗಿ ಹೇಳಿ. ಅವರು ಆ ಪದದಿಂದಲೇ ಬೇರೆ ಥರ ವಿವರಿಸಲು ಶುರು ಮಾಡುತ್ತಾರೆ.